ನರ್ಸಿಂಗ್‌ಗೆ ಯಾವ ಯೂನಿವರ್ಸಿಟಿ? ಮೊದಲು ಲಾಗ್‌ಬುಕ್ ನೋಡಿ

ಹೋದ ವಾರ ಚಿಕ್ಕಪ್ಪನ ಮಗಳು ಎರಡು ಬ್ರೋಷರ್ ಕಳಿಸಿದಳು. ಎರಡೂ ಕಡೆ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆಯಂತೆ. ಕೆಳಗೆ ಒಂದೇ ಸಾಲು: "ಅಕ್ಕಾ, ಯಾವುದಕ್ಕೆ ಸೇರ್ಲಿ?" ನಾನು ಆಗಷ್ಟೇ ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ಕಣ್ಣು ಎಳೆಯುತ್ತಿತ್ತು, ಆದರೂ ತೆರೆದು ನೋಡಿದೆ. ಎರಡರಲ್ಲೂ ಅದೇ ಬಿಳಿ ಕೋಟು, ಅದೇ ನಗು. ಒಂದರಲ್ಲಂತೂ ಮುಖಪುಟದ ಹುಡುಗಿ ಸ್ಟೆತಸ್ಕೋಪನ್ನು ಕಿವಿಗೆ ಉಲ್ಟಾ ಸಿಕ್ಕಿಸಿಕೊಂಡಿದ್ದಾಳೆ. ಹಾಗೆ ಹಾಕಿಕೊಂಡರೆ ಎದೆಬಡಿತ ಸರಿಯಾಗಿ ಕೇಳಿಸುವುದಿಲ್ಲ. ಬ್ರೋಷರ್ ಅಚ್ಚಿಗೆ ಹೋಗುವ ಮುಂಚೆ ಒಬ್ಬ ನರ್ಸೂ ಅದನ್ನು ನೋಡಿಲ್ಲ ಅಂತ ಅಲ್ಲೇ ಗೊತ್ತಾಯಿತು.

ಅವಳಿಗೆ ಆ ಉಲ್ಟಾ ಸ್ಟೆತಸ್ಕೋಪಿನ ಕಡೆಯೇ ಒಲವು. ಅದರ ರ‍್ಯಾಂಕಿಂಗ್ ಚೆನ್ನಾಗಿದೆಯಂತೆ. ಇರಬಹುದು. ಆದರೆ ಜಗತ್ತಿನ ದೊಡ್ಡ ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಜಾಸ್ತಿ ತೂಕ ಇರುವುದು ಸಂಶೋಧನೆಗೆ, ಹೆಸರಿಗೆ. ಪ್ರೊಫೆಸರುಗಳ ಪೇಪರನ್ನು ಎಷ್ಟು ಜನ ಉಲ್ಲೇಖಿಸಿದರು ಅಂತ ಅಲ್ಲಿ ಲೆಕ್ಕ ಸಿಗುತ್ತದೆ. ಮೊದಲ ಸಲ ಇಂಜೆಕ್ಷನ್ ಕೊಡುವಾಗ ನಿಮ್ಮ ಕೈ ನಡುಗಿದರೆ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಅನ್ನುವುದು ಯಾವ ಪಟ್ಟಿಯಲ್ಲೂ ಇಲ್ಲ.

ರ‍್ಯಾಂಕಿಂಗ್‌ಗಿಂತ ಮುಂಚೆ ನೋಡಬೇಕಾದದ್ದು ಒಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ನೀವು ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀರೋ ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಕೌನ್ಸಿಲ್ ಆ ಕೋರ್ಸನ್ನು ಒಪ್ಪಿದೆಯಾ? ಯೂನಿವರ್ಸಿಟಿಗೆ ಮಾನ್ಯತೆ ಇರುವುದು ಬೇರೆ, ಅದರ ನರ್ಸಿಂಗ್ ಕೋರ್ಸಿಗೆ ಇರುವುದು ಬೇರೆ. ಕೌನ್ಸಿಲ್‌ನ ಪಟ್ಟಿಯಲ್ಲೇ ಹುಡುಕಿ, ಕಾಲೇಜಿನವರ ಬಾಯಿಮಾತು ನಂಬಬೇಡಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮಾತು ಮುಗಿಯಿತು, ರಿಜಿಸ್ಟ್ರೇಷನ್ ಆಗದ ಡಿಗ್ರಿ ಇಟ್ಟುಕೊಂಡು ಏನು ಮಾಡುತ್ತೀರಿ?

ಇನ್ನು ಗಂಟೆಗಳ ಲೆಕ್ಕ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯ ನರ್ಸ್ ಆಗಲು ಕನಿಷ್ಠ 3 ವರ್ಷ, 4,600 ಗಂಟೆ ತರಬೇತಿ ಬೇಕು. ಅದರಲ್ಲಿ ಕನಿಷ್ಠ ಅರ್ಧ ಕ್ಲಿನಿಕಲ್, ಅಂದರೆ ರೋಗಿಗಳ ಹತ್ತಿರ ಇದ್ದು ಕಲಿಯುವುದು. 2,300 ಗಂಟೆ! ಬೇರೆ ದೇಶಗಳಲ್ಲಿ ಲೆಕ್ಕ ಬೇರೆ ಇರಬಹುದು, ಆದರೆ ವಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲದೆ ಎಲ್ಲೂ ನರ್ಸ್ ಆಗುವುದಿಲ್ಲ. 1860ರಲ್ಲಿ ನೈಟಿಂಗೇಲ್ ಅವರ ಶಾಲೆ ಶುರುವಾಗಿದ್ದೇ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ನಾವು ಯೂನಿವರ್ಸಿಟಿ ಆರಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ, ನಿಜವಾಗಿ ಆರಿಸುತ್ತಿರುವುದು ಒಂದು ಆಸ್ಪತ್ರೆಯನ್ನು.

ನನಗೆ ಆಗ ಇದನ್ನು ಹೇಳುವವರು ಇರಲಿಲ್ಲ. ನಾನು ಸೇರಿದ ಕಾಲೇಜಿನ ಕಟ್ಟಡ ಚೆನ್ನಾಗಿತ್ತು, ಲೈಬ್ರರಿ ಇನ್ನೂ ಚೆನ್ನಾಗಿತ್ತು. ಮೊದಲ ಪೋಸ್ಟಿಂಗ್ ದಿನ, ಅಂದರೆ ವಾರ್ಡಿನಲ್ಲಿ ಕಲಿಯಲು ಹೋದ ಮೊದಲ ದಿನ, ನೋಡಿದರೆ ಒಬ್ಬ ಅಜ್ಜನ ಮಂಚದ ಸುತ್ತ ನಾವು ಹನ್ನೆರಡು ಜನ. ಒಂದೇ ಬೆಳಿಗ್ಗೆ ಅವರ ಬಿಪಿ ಏಳು ಸಲ ನೋಡಿದೆವು. ಎಂಟನೆಯವಳು ಬರುವಷ್ಟರಲ್ಲಿ ಅಜ್ಜ ಮಾತೇ ಆಡದೆ, ಕಣ್ಣೂ ಬಿಡದೆ, ಸುಮ್ನೆ ತೋಳು ಎತ್ತಿ ಕೊಟ್ಟರು. ಇನ್ನು ಸಾಕು ಅಂತ ಟ್ಯೂಟರ್ ನಮ್ಮನ್ನು ಹೊರಗೆ ಕರೆದುಕೊಂಡು ಬಂದರು, ಸಂಜೆ ಹನ್ನೆರಡು ಲಾಗ್‌ಬುಕ್ಕಿಗೂ (ಯಾವ ಕೆಲಸ ಎಷ್ಟು ಸಲ ಮಾಡಿದೆವು ಅಂತ ದಾಖಲಿಸುವ ಪುಸ್ತಕ) ಸಹಿ ಬಿತ್ತು. ಮುಂದೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕುವುದಕ್ಕೂ ಹೀಗೇ ಸಹಿ ಬಿತ್ತು. ನಾನು ನಿಜವಾಗಿ ಹಾಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆಯಬೇಕು ಅನ್ನುವುದು ಬಾಯಿಪಾಠ ಇತ್ತು. ಟ್ಯೂಬ್ ಅರ್ಧ ಒಳಗೆ ಹೋಗಿ ಪೇಷೆಂಟ್ ಜೋರಾಗಿ ಕೆಮ್ಮಲು ಶುರು ಮಾಡಿದಾಗ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ವಾರ್ಡಿನ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ಟ್ಯೂಬನ್ನು ಹಿಂದಕ್ಕೆ ಎಳೆಸಿದರು. ಬೈಯಲಿಲ್ಲ. "ಕಾಲೇಜಲ್ಲಿ ಎಷ್ಟು ಹಾಕಿದ್ದೆ?" ಅಂತ ಕೇಳಿದರು ಅಷ್ಟೇ. ಲಾಗ್‌ಬುಕ್ಕಿನಲ್ಲಿ ಐದು ಅಂತ ಇತ್ತು.

ಹಾಗಾಗಿ ನಾನು ಹೇಳುವುದು ಇಷ್ಟು. ಕಾಲೇಜು ನೋಡಲು ಹೋದಾಗ ಕೊನೆಯ ವರ್ಷದವರು ಯಾರಾದರೂ ಸಿಕ್ಕರೆ, ಅವರ ಹತ್ತಿರ ಸ್ವಲ್ಪ ಸಂಕೋಚ ಬಿಟ್ಟು ಲಾಗ್‌ಬುಕ್ ತೋರಿಸಿ ಅಂತ ಕೇಳಿ. ಸಹಿಗಳ ತಾರೀಖು ನೋಡಿ. ಒಂದೇ ದಿನ, ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಮೂವತ್ತು ಸಹಿ ಇದ್ದರೆ ಅರ್ಥ ಮಾಡಿಕೊಳ್ಳಿ. ಒಬ್ಬ ಟ್ಯೂಟರ್ ಜೊತೆ ಎಷ್ಟು ಜನ ವಾರ್ಡಿಗೆ ಹೋಗುತ್ತೀರಿ, ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಐಸಿಯು, ಮಾನಸಿಕ ಆರೋಗ್ಯದ ವಿಭಾಗ ಎಲ್ಲಾ ಸಿಗುತ್ತದಾ ಇಲ್ಲ ಜನರಲ್ ವಾರ್ಡಿನಲ್ಲೇ ಸುತ್ತಿಸುತ್ತಾರಾ, ಅದೇ ಮಂಚಕ್ಕೆ ಬೇರೆ ಎಷ್ಟು ಕಾಲೇಜಿನವರು ಬರುತ್ತಾರೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ, ಆಫೀಸಿನವರಿಗೆ ಗೊತ್ತಿರುವುದಿಲ್ಲ ಅಥವಾ ಹೇಳುವುದಿಲ್ಲ.

ಸಾಧ್ಯವಾದರೆ ಆ ಆಸ್ಪತ್ರೆಯ ಒಬ್ಬ ಸಿಸ್ಟರ್ ಮೇಲೆ ಎಷ್ಟು ಪೇಷೆಂಟ್ ಬೀಳುತ್ತಾರೆ ಅಂತಲೂ ವಿಚಾರಿಸಿ. 2014ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಲೆಕ್ಕವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನರ್ಸ್ ಮೇಲೆ ಒಬ್ಬ ಪೇಷೆಂಟ್ ಹೆಚ್ಚಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚು ಕಂಡಿತು. ಡಿಗ್ರಿ ಓದಿದ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದ ಕಡೆ ಅದೇ ಸಂಭವ ಶೇ. 7ರಷ್ಟು ಕಡಿಮೆ. ("ಡಿಪ್ಲೊಮಾ ಸಾಕಲ್ವಾ?" ಅಂತ ಕೇಳಿದ ಚಿಕ್ಕಪ್ಪನಿಗೆ ಇದನ್ನೇ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.) ಪೇಷೆಂಟ್ ವಿಷಯ ಹಾಗಿರಲಿ, ಮೈಮೇಲೆ ಅಷ್ಟು ಕೆಲಸ ಬಿದ್ದಿರುವ ಸಿಸ್ಟರ್‌ಗೆ ನಿಮಗೆ ಕಲಿಸುವ ಪುರುಸೊತ್ತು ಎಲ್ಲಿಂದ ಬರಬೇಕು?

ಸ್ಕಿಲ್ ಲ್ಯಾಬ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಗೊಂಬೆ ಚುಚ್ಚಿ ಏನು ಕಲಿಯುತ್ತಾರೆ ಅಂತ ನಾನೂ ನಗುತ್ತಿದ್ದೆ. ಆದರೆ ಅಮೆರಿಕದ ನರ್ಸಿಂಗ್ ಬೋರ್ಡುಗಳ ರಾಷ್ಟ್ರೀಯ ಮಂಡಳಿ 2014ರಲ್ಲಿ ಹೊರತಂದ ಅಧ್ಯಯನದಲ್ಲಿ, ಕ್ಲಿನಿಕಲ್ ಗಂಟೆಗಳಲ್ಲಿ ಅರ್ಧದವರೆಗೆ ಸಿಮ್ಯುಲೇಷನ್, ಅಂದರೆ ಲ್ಯಾಬಿನಲ್ಲಿ ಅಣಕು ಅಭ್ಯಾಸ, ಮಾಡಿಸಿದರೂ ವಿದ್ಯಾರ್ಥಿಗಳು ಹಿಂದೆ ಬೀಳಲಿಲ್ಲ. ಆದರೆ ಅಲ್ಲಿ ಕಲಿಸುವವರಿಗೆ ಅದಕ್ಕೇ ಅಂತ ತರಬೇತಿ ಕೊಟ್ಟಿದ್ದರು, ಪ್ರತಿ ಸಲ ಮುಗಿದ ಮೇಲೆ ಕೂತು ಎಲ್ಲಿ ತಪ್ಪಿತು ಅಂತ ಮಾತಾಡುತ್ತಿದ್ದರು. ದುಬಾರಿ ಗೊಂಬೆ ತಂದು ಬೀಗ ಹಾಕಿಟ್ಟರೆ ಆ ಲೆಕ್ಕ ನಡೆಯುವುದಿಲ್ಲ.

ಪಾಸಾದವರ ಪರ್ಸೆಂಟೇಜ್ ಬೋರ್ಡಿಗೂ ಮರುಳಾಗಬೇಡಿ. 100 ಜನ ಸೇರಿ, 60 ಜನ ಮಾತ್ರ ಕೊನೆಯ ಪರೀಕ್ಷೆಗೆ ಕೂತು, 57 ಜನ ಪಾಸಾದರೆ ಶೇ. 95 ಅಂತ ದೊಡ್ಡದಾಗಿ ಬರೆಸಬಹುದು. ಉಳಿದ 40 ಜನ ಎಲ್ಲಿ ಹೋದರು ಅಂತ ಕೇಳಿ. ಹಾಗೇ ಹಾಸ್ಟೆಲ್ ಕ್ಯಾಂಪಸ್‌ಗೆ ಹತ್ತಿರ ಇದ್ದರೆ ಸಾಲದು, ಪೋಸ್ಟಿಂಗ್ ಇರುವ ಆಸ್ಪತ್ರೆಗೆ ಎಷ್ಟು ದೂರ ಅಂತ ನೋಡಿ. ಬೆಳಿಗ್ಗೆ ಏಳಕ್ಕೆ ಹ್ಯಾಂಡ್‌ಓವರ್ (ರಾತ್ರಿಯವರು ಡ್ಯೂಟಿ ವಹಿಸಿಕೊಡುವುದು) ಶುರುವಾಗುವ ಕಡೆ ಎರಡು ಬಸ್ ಬದಲಿಸಿ ಹೋಗುವುದು ಒಂದು ವಾರ ಚೆನ್ನಾಗಿರುತ್ತದೆ.

ಇದನ್ನೆಲ್ಲ ಅವಳಿಗೆ ಒಂದು ಉದ್ದದ ವಾಯ್ಸ್ ಮೆಸೇಜಿನಲ್ಲಿ ಹೇಳಿ ಮಲಗಿಬಿಟ್ಟೆ. ಮೊನ್ನೆ ಎರಡೂ ಕಡೆ ಹೋಗಿ ಬಂದು ಫೋನ್ ಮಾಡಿದಳು. ಉಲ್ಟಾ ಸ್ಟೆತಸ್ಕೋಪಿನವರ ಲ್ಯಾಬ್ ಫಳಫಳ ಹೊಳೆಯುತ್ತಿತ್ತಂತೆ, ಗೊಂಬೆಗಳ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲವಂತೆ. ಇನ್ನೊಂದು ಕಡೆ ಗೋಡೆಯ ಬಣ್ಣ ಎದ್ದಿದೆ, ಫ್ಯಾನ್ ಸದ್ದು ಮಾಡುತ್ತದೆ. ಅಲ್ಲಿನ ರಬ್ಬರ್ ಕೈಯ ತುಂಬ ತೂತು.

"ಕೆಂಪು ನೀರು ಸೋರ್ತಾ ಇತ್ತು ಅಕ್ಕಾ. ಒಬ್ಬರು ಸೀನಿಯರ್ ಕೆಳಗೆ ಬಟ್ಟೆ ಇಟ್ಟುಕೊಂಡು ಮತ್ತೆ ಮತ್ತೆ ಚುಚ್ತಾ ಇದ್ದರು."

"ಅವರ ಲಾಗ್‌ಬುಕ್ ಕೇಳಿದ್ಯಾ?"

"ಕೇಳಿದೆ. ಮುಕ್ಕಾಲು ಖಾಲಿ ಇತ್ತು. ಯಾಕೆ ಅಂದಿದ್ದಕ್ಕೆ, ಇಲ್ಲಿ ಮಾಡಿದ್ದಕ್ಕೆ ಮಾತ್ರ ಸಹಿ ಹಾಕ್ತಾರೆ ಕಣೇ ಅಂದರು."