ಕಣದ ಪಕ್ಕದ ಗ್ರೀನ್: ಗರಿಕೆ ಹಿಡಿಯಿತು, ಗೂಟದ ಜಗಳ ಮುಗಿದಿಲ್ಲ

ಹೂಮಳೆ (ಕಾಫಿ ಗಿಡ ಹೂ ಬಿಡಿಸುವ ಬೇಸಿಗೆ ಮಳೆ) ಹೊತ್ತಿಗೆ ಶುರು ಮಾಡಿದ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಹೊಸದಾಗಿ ಓದುತ್ತಿರುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಅರೇಬಿಕಾ ತೋಟ ಇದೆ. ಕಾಫಿ ಒಣಗಿಸುವ ಕಣದ ಪಕ್ಕ 40 ಅಡಿ ಉದ್ದ, 12 ಅಡಿ ಅಗಲದ ಜಾಗ ಸುಮ್ನೆ ಬಿದ್ದಿತ್ತು. ಅಲ್ಲಿ ಗಾಲ್ಫ್ ಪಟಿಂಗ್ ಅಭ್ಯಾಸಕ್ಕೊಂದು ಗ್ರೀನ್ ಮಾಡುತ್ತಿದ್ದೇನೆ. ಗ್ರೀನ್ ಅಂದರೆ ಗುಳಿಯ ಸುತ್ತ ತೀರಾ ಗಿಡ್ಡಕ್ಕೆ ಕತ್ತರಿಸಿದ ಹುಲ್ಲಿನ ನೆಲ; ಅದರ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಹಾಕುವ ಹೊಡೆತವೇ ಪಟ್, ಅದಕ್ಕೆ ಬಳಸುವ ಕೋಲು ಪಟರ್. ಎಂಟನೇ ಕ್ಲಾಸಿನಲ್ಲಿರುವ ಅಣ್ಣನ ಮಗಳು ಇದರಲ್ಲಿ ಪಾಲುದಾರಳು. ಗ್ರೀನಿನ ಅಂಚಿನುದ್ದಕ್ಕೂ ಗೂಟ ನೆಟ್ಟು, ಒಂದೊಂದರ ಮೇಲೂ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಆಟದ ಒಂದೊಂದು ವರ್ಷ ಬರೆಯಬೇಕು ಅನ್ನುವುದು ಅವಳ ಯೋಜನೆ.

ಮೊದಲು ಹುಲ್ಲಿನ ವಿಷಯ. ನಮ್ಮಂಥ ಬಿಸಿಲಿನ ದೇಶಗಳಲ್ಲಿ ಗಾಲ್ಫ್ ಗ್ರೀನಿಗೆ ಹಾಕುವುದು ಹೆಚ್ಚಾಗಿ ಬರ್ಮುಡಾ ಹುಲ್ಲಿನ ತಳಿಗಳನ್ನು. ಅಂದರೆ ನಮ್ಮ ಗರಿಕೆಯ ನೆಂಟರೇ. ನಾನು ದುಡ್ಡು ಕೊಟ್ಟು ತಳಿ ತರಿಸುವ ಗೋಜಿಗೆ ಹೋಗಲಿಲ್ಲ. ಬದುವಿನ ಮೇಲಿದ್ದ ಸಣ್ಣ ಎಲೆಯ ಗರಿಕೆ ಆರಿಸಿ, ಗೆಣ್ಣು ಬರುವಂತೆ ಕತ್ತರಿಸಿ, ಮಳೆ ಹಿಡಿಯುವ ಮುಂಚೆ ಹರಡಿ ಮೇಲೆ ತೆಳುವಾಗಿ ಮರಳು ಹಾಕಿಸಿದೆ. ಮೇಸ್ತ್ರಿ ನಿಂತು ನೋಡಿದರು. "ಅಲ್ಲಾ ಗೌಡ್ರೇ, ತೋಟದಲ್ಲಿ ಗರಿಕೆ ಕೀಳೋಕೆ ಆಳಿಗೆ ಕೂಲಿ ಕೊಡ್ತೀರಿ. ಇಲ್ಲಿ ಅದನ್ನೇ ನೆಡೋಕೂ ಕೂಲಿ ಕೊಡ್ತೀರಲ್ಲ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಗರಿಕೆಗೆ ನೆರಳು ಆಗದು. ಅದಕ್ಕೇ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಕಣದ ಕಡೆಯ ಎರಡು ಸಿಲ್ವರ್ ಓಕ್‌ಗಳನ್ನು ಜಾಸ್ತಿಯೇ ಬೋಳು ಮಾಡಿಸಿದೆ. ಆದರೂ ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ. ಕೆಳಗಿನ ಮೂಲೆಯಲ್ಲಿ ಪಾಚಿ ಕಟ್ಟಿತು. ಹಾರೆಯಿಂದ ಅಲ್ಲಲ್ಲಿ ಚುಚ್ಚಿ, ತೂತಿಗೆ ಮರಳು ತುಂಬಿದ ಮೇಲೆ ನೀರು ಇಂಗತೊಡಗಿತು. ಕೆಳಗೆ ಜಲ್ಲಿ ಹಾಕಿ, ಬಸಿಗಾಲುವೆ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದು ಈಗ ಉಪಯೋಗಕ್ಕೆ ಬಂತು. ಅದೇ ಇಳಿಜಾರಿಗೆ ಚೆಂಡೂ ಎಡಕ್ಕೆ ತಿರುಗುತ್ತದೆ, ಅದು ಉಚಿತ ಲಾಭ.

ಚೆಂಡು ಬೀಳುವ ಗುಳಿಗೆ 110 ಎಂಎಂ ಪಿವಿಸಿ ಪೈಪಿನ ತುಂಡನ್ನು ನೆಲದಿಂದ ಒಂದಿಂಚು ಕೆಳಗಿಳಿಸಿ ಕೂರಿಸಿದ್ದೇನೆ. ನಿಯಮದ ಪ್ರಕಾರ ಗುಳಿಯ ಅಡ್ಡಳತೆ 108 ಎಂಎಂ. ಎರಡು ಎಂಎಂ ರಿಯಾಯಿತಿ ನನ್ನಂಥವನಿಗೆ ಇರಲಿ ಬಿಡಿ.

ಈ ಸಲದ ಖುಷಿಯ ಕೆಲಸ ಸ್ಟಿಂಪ್‌ಮೀಟರ್. ಗ್ರೀನ್ ಎಷ್ಟು ವೇಗದ್ದು ಅಂತ ಅಳೆಯುವ ಸಾಧನ ಇದು. ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಇದನ್ನು ಮೊದಲು ಮಾಡಿದ್ದು ಮರದಲ್ಲೇ. ಆ ವರ್ಷ ಓಕ್‌ಮಾಂಟ್‌ನ ಯು.ಎಸ್. ಓಪನ್‌ನಲ್ಲಿ ಆಟಗಾರ ಜೀನ್ ಸಾರಜನ್ ಹೊಡೆದ ಪಟ್ ಒಂದು ಗ್ರೀನನ್ನೇ ದಾಟಿ ಬಂಕರಿಗೆ (ಮರಳಿನ ಗುಂಡಿಗೆ) ಬಿದ್ದಿತ್ತಂತೆ. ಅದನ್ನು ನೋಡಿದ ಪುಣ್ಯಾತ್ಮ ಮನೆಗೆ ಹೋಗಿ ಈ ಸಾಧನ ತಯಾರಿಸಿದ. ಈಗಿನದು ಅಲ್ಯೂಮಿನಿಯಂ. 36 ಇಂಚು ಉದ್ದ, ನಡುವೆ ವಿ ಆಕಾರದ ಗಾಡಿ (ಉದ್ದನೆಯ ತೋಡು), ಕೆಳತುದಿಯಿಂದ 30 ಇಂಚಿಗೆ ಚೆಂಡು ಕೂರಲು ಒಂದು ಕಚ್ಚು. ಮೇಲ್ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಚೆಂಡು ತಾನಾಗಿ ಬಿಟ್ಟುಕೊಂಡು ಉರುಳುತ್ತದೆ. ಎಷ್ಟು ಅಡಿ ಉರುಳಿತೋ ಅದೇ ವೇಗ. ಎದುರು ದಿಕ್ಕಿನಿಂದಲೂ ಉರುಳಿಸಿ ಸರಾಸರಿ ತೆಗೆಯಬೇಕು, ಇಲ್ಲದಿದ್ದರೆ ಇಳಿಜಾರು ಮೋಸ ಮಾಡುತ್ತದೆ.

ನಾನು ಸಿಲ್ವರ್ ಓಕ್ ರೀಪರಿನಲ್ಲಿ ಮಾಡಿಸಿದೆ. ಬಡಗಿ ಗಾಡಿ ಹೊಡೆದುಕೊಟ್ಟರು, ಕಚ್ಚನ್ನು ನಾನೇ ಉಳಿಯಲ್ಲಿ ತೆಗೆದು ಮರಳು ಕಾಗದದಲ್ಲಿ ತಿಕ್ಕಿದೆ. ದೊಡ್ಡ ಟೂರ್ನಿಗಳಲ್ಲಿ 10 ಅಡಿ ದಾಟುವುದು ಸಾಮಾನ್ಯ. ನಮ್ಮಲ್ಲಿ ಚೆಂಡು ನಾಲ್ಕೂವರೆ ಅಡಿ ಹೋಗಿ, ಒಂದು ಗರಿಕೆ ಗೆಣ್ಣಿಗೆ ತಾಗಿ, ಸ್ವಲ್ಪ ಅಲ್ಲಾಡಿ ನಿಂತಿತು. ಪರವಾಗಿಲ್ಲ. ಇದಕ್ಕಿಂತ ತಗ್ಗಿಸಿ ಕತ್ತರಿಸಬೇಕು ಅನ್ನುವುದು ಗೊತ್ತಾಯಿತು.

ಇನ್ನು ಗೂಟಗಳು.

ಮೊದಲನೆಯದು ಅದಿತಿ ಹುಟ್ಟಿದ್ದು: 1998, ಮಾರ್ಚ್ 29, ಬೆಂಗಳೂರು. ಎರಡನೆಯದರ ಮೇಲೆ "5 ವರ್ಷ" ಅಂತ ಬರೆದಿದ್ದೇವೆ. ಆಗ ಅಪ್ಪ, ಅಮ್ಮ, ಮಗಳು ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಕಾಣುತ್ತಿತ್ತು. ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿರಲಿಲ್ಲ. ಅಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಒಳಗೆ ಹೋದವರು ಅಲ್ಲೇ ಉಳಿದರು. ನಮ್ಮ ಹುಡುಗಿಗೆ ಈ ಗೂಟ ಎಲ್ಲಕ್ಕಿಂತ ಇಷ್ಟ. ಅದಕ್ಕೆ ದೋಸೆಯ ಚಿತ್ರವನ್ನೂ ಬರೆದಿದ್ದಾಳೆ. ಅವತ್ತು ತಿಂದಿದ್ದು ದೋಸೆಯೇ ಅಂತ ಇವಳಿಗೆ ಯಾರು ಹೇಳಿದರೋ.

2016ಕ್ಕೆ ಒಂದು ಗೂಟ ಸಾಲಲಿಲ್ಲ. ಅದರ ಹಿಂದಿನ ಡಿಸೆಂಬರ್‌ನಲ್ಲಿ, 17ನೇ ವಯಸ್ಸಿಗೆ, ಅದಿತಿ ಮೊರಾಕೊದಲ್ಲಿ ಲೇಡೀಸ್ ಯುರೋಪಿಯನ್ ಟೂರಿನ (ಯುರೋಪಿನ ಮಹಿಳಾ ವೃತ್ತಿಪರ ಸರಣಿ) ಅರ್ಹತಾ ಸ್ಪರ್ಧೆ ಗೆದ್ದು ವೃತ್ತಿಪರರಾಗಿದ್ದರು. 2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್. ಗಾಲ್ಫ್ ಕೋಲುಗಳ ಚೀಲ ಹೊತ್ತವರು ಅಪ್ಪ. ಮೊದಲೆರಡು ದಿನ 68, 68 ಹೊಡೆತ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತವೇ ಒಳ್ಳೆಯದು ಅನ್ನುವುದು ನೆನಪಿರಲಿ. ಆಮೇಲೆ 79, 76. ಕೊನೆಗೆ 41ನೇ ಸ್ಥಾನ. ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ವಿಮೆನ್ಸ್ ಇಂಡಿಯನ್ ಓಪನ್ ಗೆದ್ದರು. ಲೇಡೀಸ್ ಯುರೋಪಿಯನ್ ಟೂರಿನಲ್ಲಿ ಭಾರತೀಯರಿಗೆ ಅದೇ ಮೊದಲ ಗೆಲುವು. ಅದೇ ತಿಂಗಳಲ್ಲಿ ಕತಾರ್‌ನಲ್ಲಿ ಇನ್ನೊಂದು. ವರ್ಷದ ಅತ್ಯುತ್ತಮ ಹೊಸಬರು ಅನ್ನುವ ಗೌರವವೂ ಬಂತು. ಇಷ್ಟೂ ಪಿಯುಸಿ ಮುಗಿಯುವ ವಯಸ್ಸಿಗೆ. 2017ರಲ್ಲಿ ಅಬುಧಾಬಿಯ ಗೆಲುವು, ಜೊತೆಗೆ ಅಮೆರಿಕದ ಮಹಿಳಾ ಸರಣಿ ಎಲ್‌ಪಿಜಿಎ ಟೂರ್ ಪ್ರವೇಶ. ಇವನ್ನೆಲ್ಲ ಬೇಗ ಬರೆದು ಮುಗಿಸಿದೆವು.

ಜಗಳ ಬಂದಿದ್ದು 2021ರ ಗೂಟಕ್ಕೆ.

ಟೋಕಿಯೊ ಒಲಿಂಪಿಕ್ಸ್, ಕಸುಮಿಗಸೆಕಿ ಮೈದಾನ. ಅದಿತಿಯ ವಿಶ್ವ ರ‍್ಯಾಂಕ್ ಆಗ 200. ಕೆಲವೇ ತಿಂಗಳ ಹಿಂದೆ ಕೋವಿಡ್ ಆಗಿ ಹೊಡೆತದ ದೂರ ಇನ್ನೂ ಕಡಿಮೆಯಾಗಿತ್ತು. ಮೊದಲೇ ಅವರು ದೂರ ಹೊಡೆಯುವವರಲ್ಲ. ಅಮೆರಿಕದ ನೆಲ್ಲಿ ಕೊರ್ಡಾ ಸಣ್ಣ ಕಬ್ಬಿಣದ ಕ್ಲಬ್ (ಕೋಲು) ಹಿಡಿದು ಗ್ರೀನಿಗೆ ಹೊಡೆಯುವ ಕಡೆ ಅದಿತಿ ಉದ್ದದ ಕ್ಲಬ್ ಹಿಡಿಯಬೇಕಿತ್ತು. ಹಾಗಿದ್ದೂ 67, 66, 68 ಹೊಡೆದು ಮೂರು ದಿನಕ್ಕೆ ಎರಡನೇ ಸ್ಥಾನದಲ್ಲಿದ್ದರು. ಈ ಸಲ ಚೀಲ ಅಮ್ಮನ ಹೆಗಲಲ್ಲಿ.

ಆಗಸ್ಟ್ 7, ಶನಿವಾರ. ಬೆಳಗಿನ ಜಾವವೇ ಎದ್ದು ಟಿವಿ ಹಾಕಿದವರಲ್ಲಿ ನಾನೂ ಒಬ್ಬ. ಬರ್ಡಿ (ಗುಳಿಗೆ ನಿಗದಿಯಾದ ಹೊಡೆತಕ್ಕಿಂತ ಒಂದು ಕಡಿಮೆ) ಅಂದರೇನು ಅಂತ ಅವತ್ತೇ ಕೇಳಿ ತಿಳಿದವರು ನಮ್ಮೂರಲ್ಲಿ ಎಷ್ಟೋ ಜನ. ಕೊನೆಯ ಹಂತದಲ್ಲಿ ಗುಡುಗು ಸಿಡಿಲು ಬಂದು ಆಟ ನಿಂತಿತು. ಮತ್ತೆ ಶುರುವಾಯಿತು. 18ನೇ ಗುಳಿಯಲ್ಲಿ ದೂರದಿಂದ ಒಂದು ಪಟ್, ಬಿದ್ದರೆ ಪದಕದ ಪ್ಲೇಆಫ್ (ಸಮನಾದವರ ನಡುವೆ ಹೆಚ್ಚುವರಿ ಆಟ). ಬೀಳಲಿಲ್ಲ. ಕೊರ್ಡಾ 17 ಅಂಡರ್ (ನಿಗದಿತ ಹೊಡೆತಕ್ಕಿಂತ 17 ಕಡಿಮೆ), ಜಪಾನಿನ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ 16, ಅದಿತಿ 15. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಬೆಳಗಿನದನ್ನು ಎಲ್ಲರೂ ಮರೆತರು. ಅದು ಸಹಜವೇ, ಆದರೂ ನನಗೆ ಸ್ವಲ್ಪ ಹೊಟ್ಟೆ ಉರಿದಿತ್ತು.

ಗೂಟದ ಮೇಲೆ ನಾನು "ಟೋಕಿಯೊ, 4ನೇ ಸ್ಥಾನ" ಅಂತ ಬರೆದೆ. ಅವಳು "ಚಿಕ್ಕಪ್ಪ, ಸೋತಿದ್ದನ್ನ ಯಾಕೆ ಬರೀತೀರಾ?" ಅಂದಳು. ನನಗೆ ಇದು ಸೋತಿದ್ದು ಅನ್ನಿಸುವುದೇ ಇಲ್ಲ. ಮೈದಾನದಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಪೈಕಿ ಒಬ್ಬರು, ಪಟರ್ ಒಂದನ್ನೇ ನಂಬಿ, ನಾಲ್ಕು ದಿನವೂ 70ರೊಳಗೆ ಮುಗಿಸಿದ್ದಾರೆ. ಬಾಯಲ್ಲಿ ಹೇಳಿದರೆ ಅವಳಿಗೆ ತಲೆಗೆ ಹೋಗಲಿಲ್ಲ. ಎಂಟು ಅಡಿಗೆ ಸುಣ್ಣದ ಗೆರೆ ಎಳೆದು "ಅಲ್ಲಿಂದ ಹಾಕು" ಅಂದೆ. ಅಮೆರಿಕದ ವೃತ್ತಿಪರ ಪಿಜಿಎ ಟೂರಿನ ಗಂಡಸರೇ ಎಂಟು ಅಡಿಯಿಂದ ಸುಮಾರು ಅರ್ಧದಷ್ಟು ಮಾತ್ರ ಬೀಳಿಸುತ್ತಾರೆ. ಇವಳ ಚೆಂಡು ಗುಳಿಯ ಅಂಚು ಸವರಿ ಎಡಕ್ಕೆ ಹೋಯಿತು, ಮುಂದಿನದು ಗುಳಿಯವರೆಗೆ ಹೋಗಲೇ ಇಲ್ಲ. ಆಮೇಲೆ ಮಾತಿಲ್ಲದೆ ಬ್ರಶ್ ತಗೊಂಡು "4"ಕ್ಕೆ ತಾನೇ ಕೆಂಪು ಬಣ್ಣ ತುಂಬಿದಳು.

2023ರ ಗೂಟದಲ್ಲಿ ಮಾತ್ರ ಇನ್ನೂ ರಾಜಿ ಆಗಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದಿದ್ದು, ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಗೆದ್ದಿದ್ದು, ಇವೆರಡಕ್ಕೂ ತಕರಾರಿಲ್ಲ. ನಡುವೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಇದೆಯಲ್ಲ. ಮೂರನೇ ದಿನ 61 ಹೊಡೆದು ಏಳು ಹೊಡೆತ ಮುಂದಿದ್ದರು. ಕೊನೆಯ ದಿನ 77. ಚಿನ್ನ ಥಾಯ್ಲೆಂಡಿಗೆ ಹೋಯಿತು, ಇವರಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಮೊದಲ ಪದಕ. ನಾನು 61, 77 ಎರಡನ್ನೂ ಬರೆಯೋಣ ಅನ್ನುತ್ತೇನೆ. ಅವಳು "ಬೆಳ್ಳಿ" ಅಂತಷ್ಟೇ ಸಾಕು ಅನ್ನುತ್ತಾಳೆ. ಸದ್ಯಕ್ಕೆ ಆ ಗೂಟ ಬಣ್ಣವಿಲ್ಲದೆ ಕೊಟ್ಟಿಗೆಯಲ್ಲಿ ಒರಗಿದೆ. 2024ರದು ಸಲೀಸು: ಪ್ಯಾರಿಸ್, ಮೂರನೇ ಒಲಿಂಪಿಕ್ಸ್, 29ನೇ ಸ್ಥಾನ.

ಗಣಪತಿ ಹಬ್ಬದ ದಿನ ಅತ್ತಿಗೆ ಗರಿಕೆ ಕೇಳಿಕೊಂಡು ಗ್ರೀನಿನ ಹತ್ತಿರ ಬಂದರು. ಇಷ್ಟಗಲ ಗರಿಕೆ ಇದ್ದೂ ಏರಿಸಲು ಒಂದು ಕುಡಿ ಇರಲಿಲ್ಲ, ಎಲ್ಲ ನೆಲಕ್ಕೆ ಹತ್ತಿದ್ದು. "ದೇವರಿಗೂ ಇಲ್ಲ, ದನಕ್ಕೂ ಇಲ್ಲ" ಅಂತ ಬೈದುಕೊಂಡು ಬದುವಿಗೆ ಹೋದರು.

ಉಳಿದ ಕೆಲಸ ಇಷ್ಟು. ಈಗ ಬಿಸಿಲು ಬಂದಿದೆ, ತೆಳುವಾಗಿ ಇನ್ನೊಂದು ಸಲ ಮರಳು ಹಾಕಬೇಕು. ಕುಯ್ಲು ಶುರುವಾದರೆ ಕಣ ತುಂಬುತ್ತದೆ. ಗ್ರೀನಿನ ಮೇಲೆ ಟಾರ್ಪಾಲು ಹಾಸುವಂತಿಲ್ಲ ಅಂತ ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದೇನೆ. ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ತುರ್ತಾಗಿ ಬೇಕಾಗಿರುವುದು ಮಿಷನ್ನಿನ ಕೆಲಸ. ನನ್ನ ಹತ್ತಿರ ಇರುವುದು ಕೈಯಲ್ಲಿ ತಳ್ಳುವ, ಸುರುಳಿ ಬ್ಲೇಡಿನ ಹಳೆಯ ಹುಲ್ಲು ಕತ್ತರಿಸುವ ಮಿಷನ್. ಬ್ಲೇಡ್ ಮೊಂಡಾಗಿದೆ, ಗರಿಕೆಯನ್ನು ಕತ್ತರಿಸುವ ಬದಲು ಹರಿಯುತ್ತಿದೆ. ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಇಂಥ ಬ್ಲೇಡಿಗೆ ಸಾಣೆ ಹಿಡಿಯುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.