ಮೊದಲ ಕೀಮೋ ಮುಗಿಸಿ ಕೋಲಾರಕ್ಕೆ ಬಂದಿಳಿದ ಮೇಲೆ

ಕ್ಯಾನ್ಸರಿಗೆ ಕೀಮೋ ಅಂದ ಕೂಡಲೇ ಮನೆಮಂದಿಗೆಲ್ಲ ಕಣ್ಣ ಮುಂದೆ ಬರುವುದು ಡ್ರಿಪ್ ಹಾಕಿಸಿಕೊಳ್ಳುವ ಆ ಒಂದು ದಿನ. ಸೂಜಿ, ಬಾಟಲಿ, ವಾಂತಿ. ತಯಾರಿಯೆಲ್ಲ ಆ ದಿನಕ್ಕೇ ಖರ್ಚಾಗಿಹೋಗುತ್ತದೆ. ಆದರೆ ಆ ದಿನ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಕೂಗಿದರೆ ಡಾಕ್ಟರು ಬರುತ್ತಾರೆ. ನಿಜವಾದ ಜವಾಬ್ದಾರಿ ಶುರುವಾಗುವುದು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದಾಟಿ ಕೋಲಾರಕ್ಕೆ, ಅಲ್ಲಿಂದ ಇನ್ನೂ ಒಳಗೆ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಬಂದಿಳಿದ ಮೇಲೆ. ಮೂರು ವಾರಕ್ಕೊಮ್ಮೆ ಕೊಡುವ ಕೀಮೋಗಳಲ್ಲಿ, ಸೋಂಕಿನ ಜೊತೆ ಕಾದಾಡುವ ಬಿಳಿ ರಕ್ತಕಣ ತೀರಾ ತಳ ಮುಟ್ಟುವುದು ಹೆಚ್ಚುಕಡಿಮೆ ಏಳನೇ ದಿನದಿಂದ ಹದಿನಾಲ್ಕನೇ ದಿನದೊಳಗೆ. ಅಷ್ಟು ಹೊತ್ತಿಗೆ ವಾಂತಿ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ರೋಗಿ ಎದ್ದು ಓಡಾಡುತ್ತಿರುತ್ತಾರೆ. ಮನೆಯವರು ಉಸ್ಸಪ್ಪ ಅನ್ನುವ ಆ ವಾರವೇ ಅಪಾಯದ ವಾರ.

ಮೊದಲು ಕೀಮೋಗೆ ಮುಂಚಿನ ಕೆಲಸಗಳನ್ನು ನೋಡೋಣ. ಡೋಸ್ ಲೆಕ್ಕ ಹಾಕುವುದು ಎತ್ತರ ಮತ್ತು ತೂಕದ ಮೇಲೆ, ಹಾಗಾಗಿ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ಪ್ರತಿ ಸಲವೂ ತೂಗಿಸಿ. ಸಂಪೂರ್ಣ ರಕ್ತ ಪರೀಕ್ಷೆ, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಾರೆ. ಕೆಂಪು ಔಷಧಿ ಅಂತ ಎಲ್ಲರೂ ಕರೆಯುವ ಡಾಕ್ಸೊರೂಬಿಸಿನ್ ಕೊಡುವುದಿದ್ದರೆ ಹೃದಯದ ಎಕೋ ಸ್ಕ್ಯಾನ್ ಕೂಡ ಬೇಕು. ರಕ್ತದ ರಿಪೋರ್ಟಿನಲ್ಲಿ ನೀವೇ ಒಂದು ಲೆಕ್ಕ ಹಾಕಿ ನೋಡುವುದನ್ನು ಕಲಿತರೆ ಎಷ್ಟೋ ಓಡಾಟ ತಪ್ಪುತ್ತದೆ. ಒಟ್ಟು ಬಿಳಿ ರಕ್ತಕಣದ ಸಂಖ್ಯೆಯನ್ನು, ಅದರಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್‌ನ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 4,000 ಇದೆ, ನ್ಯೂಟ್ರೋಫಿಲ್ 30 ಶೇಕಡಾ ಅಂದರೆ ಸಿಗುವುದು 1,200. ಒಟ್ಟು ಸಂಖ್ಯೆ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಆದರೆ ಕೀಮೋ ಕೊಡಲು ಸಾಮಾನ್ಯವಾಗಿ ಈ ಲೆಕ್ಕ 1,500 ದಾಟಿರಬೇಕು, ಪ್ಲೇಟ್‌ಲೆಟ್ ಒಂದು ಲಕ್ಷ ಇರಬೇಕು ಅಂತ ಡಾಕ್ಟರು ನೋಡುತ್ತಾರೆ. ಅದಕ್ಕೇ ರಕ್ತ ಪರೀಕ್ಷೆಯನ್ನು ಹಿಂದಿನ ದಿನ ಊರಲ್ಲೇ ಮಾಡಿಸಿ, ರಿಪೋರ್ಟ್ ತೋರಿಸಿ, ಬರಬಹುದು ಅಂದ ಮೇಲೆ ಬಸ್ಸು ಹತ್ತುವುದು ಒಳ್ಳೆಯದು. ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ ಅಂದರೆ ಕಾಯಿಲೆ ಜಾಸ್ತಿಯಾಗಿದೆ ಅಂತ ಅರ್ಥವಲ್ಲ. ಮೂಳೆಯೊಳಗಿನ ಮಜ್ಜೆ ಚೇತರಿಸಿಕೊಳ್ಳಲು ಇನ್ನೊಂದಿಷ್ಟು ದಿನ ಕೇಳುತ್ತಿದೆ, ಅಷ್ಟೆ.

ಹಲ್ಲು ಹುಳುಕಾಗಿದ್ದರೆ, ಒಸಡಿನಲ್ಲಿ ಕೀವಿದ್ದರೆ ಈಗಲೇ ತೋರಿಸಿ. ಕೌಂಟ್ ಬಿದ್ದಾಗ ಸೋಂಕು ಮೇಲೇಳುವ ಜಾಗಗಳಲ್ಲಿ ಬಾಯಿಯೂ ಒಂದು, ಆಮೇಲೆ ಹಲ್ಲು ಕೀಳಿಸುವುದಕ್ಕೂ ಆಗುವುದಿಲ್ಲ. ಮುಂದೆ ಮಕ್ಕಳು ಬೇಕು ಅನ್ನುವ ವಯಸ್ಸಿನವರು ನಾಚಿಕೊಳ್ಳದೆ ಮೊದಲ ಡ್ರಿಪ್ಪಿಗೆ ಮುಂಚೆಯೇ ಕೇಳಬೇಕು, ವೀರ್ಯ ಅಥವಾ ಅಂಡಾಣು ತೆಗೆದಿಡುವ ಅವಕಾಶ ಇರುವುದು ಆಗಲೇ. ಇನ್ನು ನಾಟಿ ಔಷಧಿ. ಅಮೃತಬಳ್ಳಿ ಕಷಾಯ, ಯಾರೋ ಕೊಟ್ಟ ಪುಡಿ, ಮಾತ್ರೆ, ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಲಿವರ್ ರಿಪೋರ್ಟ್ ಏರಿದರೆ ಅದು ಕಾಯಿಲೆಯಿಂದಲೋ ಔಷಧಿಯಿಂದಲೋ ಕಷಾಯದಿಂದಲೋ ಡಾಕ್ಟರಿಗೆ ತಿಳಿಯದೆ ಕೀಮೋ ಮುಂದಕ್ಕೆ ಹೋಗುತ್ತದೆ. ಪ್ರೀತಿಯಿಂದ ತಂದುಕೊಟ್ಟವರ ಮನಸ್ಸು ನೋಯಿಸಬೇಕಿಲ್ಲ, ಇಸಿದುಕೊಂಡು ಪಕ್ಕಕ್ಕಿಡಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಬಿಪಿಎಲ್ ಕಾರ್ಡ್, ಆಧಾರ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ರೆಫರಲ್ ಚೀಟಿ ಬೇಕೋ ಬೇಡವೋ ಅಂತ ಹೋಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿಕೊಳ್ಳಿ. ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುವವರು ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡರೆ ಚಿಕಿತ್ಸೆಯ ಪ್ರಯಾಣಕ್ಕೆ ಸೆಕೆಂಡ್ ಕ್ಲಾಸಿನಲ್ಲಿ ಶೇ. 75 ರಿಯಾಯಿತಿ ಇದೆ. 2025ರಲ್ಲಿ ರಾಜ್ಯದ 16 ಜಿಲ್ಲಾಸ್ಪತ್ರೆಗಳಲ್ಲಿ ಕೀಮೋ ಹಾಕಿಸಿಕೊಂಡು ಅವತ್ತೇ ಮನೆಗೆ ಬರಬಹುದಾದ ಡೇ ಕೇರ್ ಕೇಂದ್ರಗಳು ಶುರುವಾಗಿವೆ. ಮೊದಲ ಕೀಮೋ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಾದರೂ ಮುಂದಿನವು ಹತ್ತಿರದಲ್ಲೇ ಆಗಬಹುದೇ ಅಂತ ಕೇಳುವುದನ್ನು ಮರೆಯಬೇಡಿ.

ಆ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಎರಡು ಇಡ್ಲಿ, ಅರ್ಧ ಲೋಟ ಕಾಫಿ ಸಾಕು. ರೋಗಿಗೆ ತುಂಬಾ ಇಷ್ಟವಾದ ತಿಂಡಿಯನ್ನು ಮಾತ್ರ ಅವತ್ತು ಮಾಡಿಕೊಡಬೇಡಿ. ವಾಂತಿಯಾದರೆ ನಾಲಿಗೆ ಆ ರುಚಿಯನ್ನೇ ವಾಂತಿಯ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಅದನ್ನು ಕಂಡರೆ ಆಗುವುದಿಲ್ಲ. ಸಡಿಲವಾದ ಅರ್ಧ ತೋಳಿನ ಬಟ್ಟೆ ಹಾಕಿಸಿ. ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದಿದ್ದರೆ ಆ ಕಡೆ ಕೈಗೆ ಸೂಜಿ ಬೇಡ ಅಂತ ಮೊದಲೇ ಹೇಳಿ. ಡ್ರಿಪ್ ಹೋಗುತ್ತಿರುವಾಗ ಸೂಜಿಯ ಜಾಗ ಉರಿದರೆ, ಊದಿದರೆ ತಕ್ಷಣ ಹೇಳಬೇಕು. 'ಸಣ್ಣದಕ್ಕೆಲ್ಲ ಸಿಸ್ಟರನ್ನ ಯಾಕೆ ಕರೆಯೋದು' ಅನ್ನುವ ಸಂಕೋಚ ನಮ್ಮ ಕಡೆಯವರಿಗೆ ಜಾಸ್ತಿ. ಆದರೆ ಕೆಂಪು ಔಷಧಿ ನರದಿಂದ ಆಚೆ ಚರ್ಮದೊಳಗೆ ಸೋರಿದರೆ ಅಲ್ಲಿನ ಮಾಂಸವೇ ಸತ್ತು ಹುಣ್ಣಾಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಇದ್ದರೆ ಮೊದಲ ಕೆಲವು ನಿಮಿಷದಲ್ಲೇ ಎದೆ ಬಿಗಿತ, ಮುಖ ಕೆಂಪಾಗುವುದು, ಬೆನ್ನು ನೋವು ಬರಬಹುದು, ಆಗಲೂ ಕೂಗಿ. ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ಇದ್ದರೆ ಕೆಲವು ದಿನ ತಣ್ಣೀರು, ಫ್ರಿಜ್ಜಿನ ಪದಾರ್ಥ ಮುಟ್ಟಬಾರದು, ಬೆರಳು ಜುಮ್ಮೆಂದು ಗಂಟಲು ಹಿಡಿದಂತಾಗುತ್ತದೆ. ಕೋಲಾರದ ಡಿಸೆಂಬರ್ ಬೆಳಗಿನ ಗಾಳಿಗೂ ಹಾಗಾಗಬಹುದು, ಮಫ್ಲರ್ ಇರಲಿ. ಕೆಂಪು ಔಷಧಿ ಆದವರಿಗೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ.

ವಾಂತಿ ತಡೆಯುವ ಮಾತ್ರೆಯಲ್ಲಿ ತಪ್ಪಾಗುವುದು ಒಂದೇ ಕಡೆ. ಮೊದಲ ದಿನ ಆರಾಮಾಗಿತ್ತು ಅಂತ ಎರಡನೇ ದಿನದ ಮಾತ್ರೆ ಬಿಟ್ಟುಬಿಡುತ್ತಾರೆ. ತಡವಾಗಿ ಬರುವ ವಾಂತಿ ಎರಡರಿಂದ ನಾಲ್ಕನೇ ದಿನದೊಳಗೆ ಬರುತ್ತದೆ, ಶುರುವಾದ ಮೇಲೆ ತಡೆಯುವುದು ಕಷ್ಟ. ವಾಂತಿ ತಡೆಯುವ ಅಪ್ರೆಪಿಟೆಂಟ್ ಕೊಟ್ಟಿದ್ದರೆ ಕಿಟ್ಟಿನಲ್ಲಿ ಮೂರು ಕ್ಯಾಪ್ಸೂಲ್ ಇರುತ್ತವೆ: 125 ಮಿ.ಗ್ರಾಂ.ನದು ಕೀಮೋಗೆ ಒಂದು ಗಂಟೆ ಮುಂಚೆ, 80ರ ಎರಡು ಮುಂದಿನ ಎರಡು ಬೆಳಗ್ಗೆ. ವಾಂತಿಗೇ ಕೊಡುವ ಒಂಡಾನ್ಸೆಟ್ರಾನ್ ಮಲಬದ್ಧತೆ ಮಾಡುತ್ತದೆ, ಆದ್ದರಿಂದ ಮಲ ಸಡಿಲಿಸುವ ಸಿರಪ್ಪನ್ನೂ ಆವತ್ತೇ ಬರೆಸಿಕೊಳ್ಳಿ. ಜೊತೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ರಾತ್ರಿ ನುಂಗಿದರೆ ನಿದ್ದೆ ಹತ್ತುವುದಿಲ್ಲ, ಸಕ್ಕರೆ ಕಾಯಿಲೆ ಇರುವವರಿಗೆ ಶುಗರ್ ಮೇಲೇರುತ್ತದೆ. ಆ ದಿನಗಳಲ್ಲಿ ದಿನಕ್ಕೆ ಎರಡು ಸಲವಾದರೂ ಶುಗರ್ ನೋಡಿಕೊಳ್ಳಿ.

ಎರಡು ದಿನ, ಅಂದರೆ 48 ಗಂಟೆ, ಔಷಧಿ ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಟಾಯ್ಲೆಟ್ಟಿಗೆ ಎರಡು ಬಕೆಟ್ ನೀರು ಸುರಿಯಿರಿ, ಗಂಡಸರೂ ಕೂತೇ ಮೂತ್ರ ಮಾಡಲಿ, ವಾಂತಿ ಬಳಿಯುವವರು ಗ್ಲೌಸ್ ಹಾಕಿಕೊಳ್ಳಲಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಬಸುರಿ, ಬಾಣಂತಿ ಈ ಕೆಲಸಕ್ಕೆ ಬೇಡ. ಜೊತೆಗೆ ಕೂತು ಊಟ ಮಾಡುವುದು, ತಬ್ಬಿಕೊಳ್ಳುವುದು, ಒಂದೇ ಕೋಣೆಯಲ್ಲಿ ಮಲಗುವುದು, ಇದರಿಂದ ಯಾರಿಗೂ ಏನೂ ಆಗುವುದಿಲ್ಲ. ತಟ್ಟೆ ಲೋಟ ಬೇರೆ ಇಟ್ಟು ಮನುಷ್ಯರನ್ನೇ ಮೂಲೆಗೆ ಕೂರಿಸಬೇಡಿ, ದಯವಿಟ್ಟು.

ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದನ್ನು ಊರಿಗೆ ತರುವುದೇ ಒಂದು ಕೆಲಸ. ಕೀಮೋ ಮುಗಿದು 24 ಗಂಟೆ ಆಗುವ ಮುಂಚೆ ಕೊಡಬಾರದು, ಹಾಗಾಗಿ ಬಹಳಷ್ಟು ಜನ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತುತ್ತಾರೆ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಥರ್ಮೋಕೋಲ್ ಡಬ್ಬಿಯ ತಳದಲ್ಲಿ ಐಸ್ ಪ್ಯಾಕ್, ಮೇಲೆ ಮಡಚಿದ ಬಟ್ಟೆ, ಬಟ್ಟೆಯ ಮೇಲೆ ಇಂಜೆಕ್ಷನ್. ಐಸಿಗೆ ನೇರ ತಾಗಿದರೆ ಕೆಟ್ಟುಹೋಗುತ್ತದೆ. ಹೊಸಕೋಟೆ ದಾಟುವಷ್ಟರಲ್ಲೇ ಬಸ್ಸಿನ ಕಿಟಕಿಯ ಬಿಸಿಲು ತೊಡೆಯ ಮೇಲಿನ ಡಬ್ಬಿಗೆ ಬೀಳುತ್ತಿರುತ್ತದೆ, ಸೀಟಿನ ಕೆಳಗೆ ನೆರಳಲ್ಲಿಡಿ. ಮನೆಯಲ್ಲಿ ಒಂದು ಬಾಗಿಲಿನ ಫ್ರಿಜ್ಜಾದರೆ ಮೇಲಿನ ಐಸ್ ಪೆಟ್ಟಿಗೆಗೆ ಒತ್ತಿಕೊಂಡಂತೆ ಇಡಬೇಡಿ, ಬಾಗಿಲಲ್ಲೂ ಬೇಡ, ನಡುವಿನ ಅರೆಯಲ್ಲಿಡಿ. ಕರೆಂಟ್ ತೆಗೆಯುವ ಊರಾದರೆ ಹತ್ತಿರದ ಮೆಡಿಕಲ್ ಸ್ಟೋರಿನ ಫ್ರಿಜ್ಜಿನಲ್ಲಿ ಇಟ್ಟುಕೊಡಿ ಅಂತ ಕೇಳಿ. ಚುಚ್ಚಿಸಿಕೊಂಡ ಮೇಲೆ ಎರಡು ಮೂರು ದಿನ ಸೊಂಟ, ಬೆನ್ನು, ಕಾಲಿನ ಮೂಳೆ ಒಳಗಿಂದ ನೋಯುತ್ತದೆ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಆದರೆ ಜ್ವರ ನೋಡಿಕೊಂಡೇ ತೆಗೆದುಕೊಳ್ಳಬೇಕು.

ಈಗ ಜ್ವರ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಮೊದಲ ಕೀಮೋಗೆ ಹೋಗಲೇಬೇಡಿ. ಕೈ ಇಟ್ಟು ಮೈ ಬಿಸಿ ಇದೆಯೋ ಇಲ್ಲವೋ ನೋಡುವ ಅಭ್ಯಾಸ ಇಲ್ಲಿ ಸಾಲದು. ಬೆಳಗ್ಗೆ ಸಂಜೆ ಎರಡು ಸಲ, ಚಳಿ ಅನ್ನಿಸಿದಾಗಲೆಲ್ಲ ಇನ್ನೊಂದು ಸಲ. ಬಾಯಲ್ಲಿಟ್ಟು ನೋಡುವುದಾದರೆ ಬಿಸಿ ಕಾಫಿ ಕುಡಿದು ಇಪ್ಪತ್ತು ನಿಮಿಷ ಕಾಯಿರಿ. ಕಂಕುಳಲ್ಲಾದರೆ ಬೆವರು ಒರೆಸಿ, ತುದಿ ಕಂಕುಳ ಗುಳಿಯ ಮಧ್ಯಕ್ಕೆ ಬರುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿದು, ಬೀಪ್ ಅನ್ನುವ ತನಕ ತೆಗೆಯಬೇಡಿ. ಕಂಕುಳು ಒಳಗಿನ ಜ್ವರಕ್ಕಿಂತ ಕಡಿಮೆ ತೋರಿಸುತ್ತದೆ ಅನ್ನುವುದು ನೆನಪಿರಲಿ. ಬಾಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಇದ್ದು ಒಂದು ಗಂಟೆಯಾದರೂ ಇಳಿಯದಿದ್ದರೆ, ಅಥವಾ ಒಂದೇ ಸಲ 101 ತೋರಿಸಿದರೆ, ಅದು ತುರ್ತು. ಕಂಕುಳಲ್ಲಿ 100 ಕಂಡರೂ ಫೋನ್ ಮಾಡಿ. ಜ್ವರವಿಲ್ಲದೆ ಗಡಗಡ ನಡುಕ ಬಂದರೂ ಅಷ್ಟೇ.

ಇಲ್ಲಿ ನಡೆಯುವ ದೊಡ್ಡ ತಪ್ಪು ಡೋಲೋ ನುಂಗಿಸಿ ಮಲಗಿಸುವುದು. ಮಾತ್ರೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ. ಬೆಳಗ್ಗೆ ಬೆಂಗಳೂರಿಗೇ ಕರೆದುಕೊಂಡು ಹೋಗೋಣ, ಅಲ್ಲೇ ತಾನೇ ಕೀಮೋ ಕೊಟ್ಟದ್ದು ಅಂತ ಕಾಯುವುದು ಇನ್ನೊಂದು ತಪ್ಪು. ಕಾದಾಡುವ ಕಣಗಳೇ ಇಲ್ಲದ ಮೈಯಲ್ಲಿ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಿ ಬಿಪಿ ಬೀಳಿಸುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು ಅನ್ನುವುದು ನಿಯಮ. ಆದ್ದರಿಂದ ರಾತ್ರಿಯೂ ತೆರೆದಿರುವ, ಅಡ್ಮಿಟ್ ಮಾಡಿಕೊಳ್ಳುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಕೀಮೋಗೆ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಗಾಡಿ ಯಾರದು, ಇಲ್ಲದಿದ್ದರೆ 108, ಅದೂ ತೀರ್ಮಾನವಾಗಿರಲಿ. ಕ್ಯಾಶುವಾಲ್ಟಿಯಲ್ಲಿ 'ಜ್ವರ' ಅಂತ ಮಾತ್ರ ಹೇಳಿದರೆ ಬೆಂಚಿನ ಮೇಲೆ ಕೂರಿಸುತ್ತಾರೆ. 'ಕೀಮೋ ಆಗಿ ಇವತ್ತಿಗೆ ಹತ್ತನೇ ದಿನ, ಜ್ವರ 101' ಅಂತ ಒಂದೇ ಉಸಿರಿಗೆ ಹೇಳಿ, ಔಷಧಿಗಳ ಹೆಸರಿರುವ ಚೀಟಿ ಕೈಗೆ ಕೊಡಿ. ಆ ಚೀಟಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಬೇಕು. ರಕ್ತಸ್ರಾವ, ಉಸಿರಾಟದ ತೊಂದರೆ, ಇಡೀ ದಿನ ನೀರೂ ನಿಲ್ಲದ ವಾಂತಿ, ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿಗೆ ಹೋಗುವುದು, ಇವಕ್ಕೂ ಕಾಯಬೇಡಿ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಎರಡು ತೊಡಕು. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಅದು ಕುದಿಸಿದರೆ ಹೋಗುವುದಿಲ್ಲ. ಅದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು ಬೇಕು. ಆದರೆ 20 ಲೀಟರಿನ ಆ ಕ್ಯಾನಿನ ಒಳಗೋಡೆ ಬೆರಳಿಗೆ ಜಾರುತ್ತಿದ್ದರೆ ಅಲ್ಲಿ ಲೋಳೆ ಕಟ್ಟಿದೆ ಅಂತ ಅರ್ಥ. ಘಟಕದ ನೀರನ್ನೇ ತಂದು, ಮಳ್ಳಿಸಿ, ಮುಚ್ಚಿಟ್ಟು ಆರಿಸಿ ಕುಡಿಸಿ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಆದವರು ಡಾಕ್ಟರು ಬೇಡ ಅನ್ನದಿದ್ದರೆ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯಬೇಕು, ಕಿಡ್ನಿ ಉಳಿಯುವುದು ಅದರಿಂದಲೇ.

ಊಟದಲ್ಲಿ ಪಥ್ಯದ ಪಟ್ಟಿ ಉದ್ದ ಮಾಡಬೇಡಿ. ಆಗ ತಾನೇ ಮಾಡಿದ ಬಿಸಿ ಮುದ್ದೆ, ಬಸ್ಸಾರು, ಮಸ್ಸೊಪ್ಪು, ಚೆನ್ನಾಗಿ ಬೆಂದ ಮೊಟ್ಟೆ, ಕೋಳಿ ಎಲ್ಲ ಕೊಡಬಹುದು, ಕೊಡಬೇಕು. ಮುದ್ದೆ ಇಳಿಯದ ದಿನ ತೆಳ್ಳಗಿನ ರಾಗಿ ಗಂಜಿ, ಎರಡು ಗಂಟೆಗೊಮ್ಮೆ ಅರ್ಧರ್ಧ ಲೋಟ. ಕೌಂಟ್ ಬೀಳುವ ವಾರದಲ್ಲಿ ಕೋಸಂಬರಿ, ರಾತ್ರಿಯ ತಂಗಳು, ಗಾಡಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು ಬೇಡ. ಸಿಪ್ಪೆ ಸುಲಿಯುವ ಬಾಳೆ, ಕಿತ್ತಳೆ, ಶ್ರೀನಿವಾಸಪುರದ ಮಾವು ತೊಳೆದು ನೀವೇ ಸುಲಿದು ಕೊಡಿ. ಒಂದು ಹಣ್ಣಿನ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಿ: ದೇವನಹಳ್ಳಿ ಚಕ್ಕೋತ. ಆ ಜಾತಿಯ ಹಣ್ಣುಗಳು ಕೆಲವು ಔಷಧಿಗಳನ್ನು ಕರಗಿಸುವ ಕಿಣ್ವವನ್ನು ತಡೆಯುತ್ತವೆ, ಆಗ ಮೈಯಲ್ಲಿ ಔಷಧಿಯ ಪ್ರಮಾಣ ಏರುಪೇರಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಮಾತು ಹಸುವಿನದು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಮನೆಯ ಹೆಣ್ಣುಮಕ್ಕಳು ಐದನೇ ದಿನಕ್ಕೇ ಸೆಗಣಿ ಬಾಚಲು ಕೂತುಬಿಡುತ್ತಾರೆ. ಕೊಟ್ಟಿಗೆಯ ಸೆಗಣಿ, ಹಳೇ ಹುಲ್ಲಿನ ಬೂಷ್ಟಿನ ಧೂಳು ಎರಡೂ ಆ ವಾರದಲ್ಲಿ ವಿಷವಿದ್ದಂತೆ. ಮೊದಲ ಎರಡು ವಾರ ಹಾಲು ಕರೆಯುವವರು ಯಾರು ಅಂತ ಕೀಮೋ ತಾರೀಕಿನ ಜೊತೆಗೇ ಗೊತ್ತು ಮಾಡಿ. ರೇಷ್ಮೆ ಹುಳದ ಮನೆಗೂ ಕಾಲಿಡಬಾರದು, ಅಲ್ಲಿನ ಬ್ಲೀಚಿಂಗ್ ಪುಡಿಯ ಘಾಟಿಗೇ ವಾಕರಿಕೆ ಕಿತ್ತುಬರುತ್ತದೆ. ಟೊಮೇಟೊ ತೋಟಕ್ಕೆ ಬರಿಗಾಲಲ್ಲಿ ಹೋಗುವುದೂ ಬೇಡ.

ಬಾಯಿ ಹುಣ್ಣಿಗೆ ಮುಂಚೆಯೇ ಶುರುಮಾಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಪ್ರತಿ ಊಟದ ಮೇಲೆ, ಮಲಗುವ ಮುಂಚೆ ಮುಕ್ಕಳಿಸಿ ಉಗಿಯುವುದು. ದಿನವೂ ಹೊಸದಾಗಿ ಬೆರೆಸಿ. ಮೆತ್ತನೆಯ ಬ್ರಷ್ ಇರಲಿ. ಎಲೆ ಅಡಿಕೆ, ಕಡ್ಡಿಪುಡಿ ಬಿಡಲೇಬೇಕು.

ಕೂದಲು ಉದುರುವ ಔಷಧಿಯಾದರೆ ಎರಡರಿಂದ ಮೂರು ವಾರದಲ್ಲಿ ದಿಂಬಿನ ಮೇಲೆ ಕಾಣಿಸುತ್ತದೆ. ಮೊದಲೇ ಗಿಡ್ಡ ಮಾಡಿಸಿದರೆ ಆ ನೋವು ಸ್ವಲ್ಪ ತಗ್ಗುತ್ತದೆ. ತಿರುಪತಿಗೆ ಮುಡಿಯ ಹರಕೆ ಇದ್ದವರು ಕೀಮೋಗೆ ಮುಂಚೆ ತೀರಿಸಿಬಿಡಿ, ಇಲ್ಲವೇ ಕೀಮೋದ ಎಲ್ಲ ಸುತ್ತು, ಅಂದರೆ ಸೈಕಲ್, ಮುಗಿದು ಕೂದಲು ಮತ್ತೆ ಬೆಳೆದ ಮೇಲೆ ಹೋಗಿ. ಹತ್ತನೇ ದಿನ ಜನಜಂಗುಳಿಯಲ್ಲಿ ನಿಂತು ತಲೆಗೆ ಕತ್ತಿ ಹಾಕಿಸಿಕೊಂಡರೆ ಒಂದು ಗೀರೂ ಸೋಂಕಿಗೆ ದಾರಿ. ಮನೆಯಲ್ಲೇ ತೆಗೆಸುವುದಾದರೆ ಟ್ರಿಮ್ಮರ್ ಸಾಕು.

ಒಂದು ನೋಟ್‌ಬುಕ್ಕಿನಲ್ಲಿ ದಿನದ ಸಂಖ್ಯೆ, ಎರಡು ಹೊತ್ತಿನ ಜ್ವರ, ಎಷ್ಟು ಸಲ ವಾಂತಿ, ಮಲ ಹೇಗಿತ್ತು, ಬಾಯಿ ಹೇಗಿತ್ತು ಅಂತ ಒಂದು ಸಾಲು ಬರೆದಿಡಿ. ಎರಡನೇ ಸೈಕಲ್ಲಿಗೆ ಹೋದಾಗ 'ಹೇಗಿದ್ರಿ' ಅಂತ ಡಾಕ್ಟರು ಕೇಳಿದರೆ 'ಪರವಾಗಿಲ್ಲ' ಅನ್ನುವ ಬದಲು ಆ ಪುಟ ತೆಗೆದು ಮುಂದಿಡಿ. ವಾಂತಿ ಮಾತ್ರೆ ಬದಲಿಸುವುದು, ಡೋಸ್ ಇಳಿಸುವುದು, ಇಂಜೆಕ್ಷನ್ ಸೇರಿಸುವುದು ಎಲ್ಲವನ್ನೂ ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.