ಮೆಡಿಕಲ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಹನ್ನೊಂದು ವರ್ಷ: ಸುದ್ದಿ ಮೊದಲು, ದೇಣಿಗೆ ಆಮೇಲೆ

ನಾನು ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರಲ್ಲ, ಬಿ.ಕಾಂ. ಓದಿದವಳು. ಇಲ್ಲಿ ಓದಿಹೋದವರ ವಿಳಾಸ ಇಟ್ಟುಕೊಳ್ಳುವುದು, ಮೂರು ತಿಂಗಳಿಗೊಮ್ಮೆ ಸುದ್ದಿಪತ್ರ ಕಳಿಸುವುದು, ದೇಣಿಗೆ ಬಂದರೆ ರಸೀದಿ ಬರೆಯುವುದು, ಲೆಕ್ಕ ನೋಡುವುದು, ಇಷ್ಟು ನನ್ನ ಕೆಲಸ. ಸೇರಿ ಹನ್ನೊಂದು ವರ್ಷ ಆಯಿತು. ಸೇರಿದ ಮೊದಲ ವರ್ಷದಲ್ಲೇ ಒಂದು ತಪ್ಪು ಮಾಡಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಆಗ ಹಳೆಯ ಹಾಸ್ಟೆಲ್ ರಿಪೇರಿಗೆ ಹಣ ಬೇಕಿತ್ತು. ಆಫೀಸಿನಲ್ಲಿದ್ದ ಪಟ್ಟಿ ತೆಗೆದು ಎಲ್ಲರಿಗೂ ಒಂದೇ ಥರದ ಪತ್ರ ಹಾಕಿದೆವು. 'ಮಾನ್ಯರೇ, ನೀವು ಓದಿದ ಸಂಸ್ಥೆಗೆ ಉದಾರವಾಗಿ ನೆರವಾಗಬೇಕು' ಅಂತ. ವಾರ ಕಳೆದ ಮೇಲೆ ಶಿವಮೊಗ್ಗ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ.

'ನೋಡಮ್ಮ, ಇವರ ಹೆಸರಿಗೆ ನಿಮ್ಮ ಕಾಗದ ಬಂದಿದೆ. ಅವರು ಹೋಗಿ ಎರಡು ವರ್ಷ ಆಯ್ತು. ಆಗ ನಿಮ್ಮ ಆಫೀಸಿಗೆ ಒಂದು ಕಾರ್ಡ್ ಹಾಕಿದ್ದೆ. ಸಿಗಲಿಲ್ವಾ?'

ಸಿಕ್ಕಿತ್ತು. ಆಮೇಲೆ ಹುಡುಕಿದರೆ ಒಂದು ಫೈಲಿನಲ್ಲೇ ಇತ್ತು. ಯಾರೋ ಓದಿ, ಮಡಿಸಿ ಇಟ್ಟಿದ್ದರು. ಪಟ್ಟಿ ತಿದ್ದಿರಲಿಲ್ಲ, ಸುದ್ದಿಪತ್ರದಲ್ಲಿ ನಾಲ್ಕು ಸಾಲು ಹಾಕಿರಲಿಲ್ಲ, ಅವರ ಬ್ಯಾಚಿನವರಿಗೆ ತಿಳಿಸಿರಲಿಲ್ಲ. ಆ ಡಾಕ್ಟರು ಮೂವತ್ತು ವರ್ಷ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮಿಂದ ಒಂದು ಮಾತು ಹೋಗಲಿಲ್ಲ. ದುಡ್ಡು ಬೇಕಾದಾಗ ಮಾತ್ರ ಕಾಗದ ಹೋಯಿತು. ಅವತ್ತು ನನಗೆ ಊಟ ಸೇರಲಿಲ್ಲ.

ಆ ಪತ್ರಗಳಿಂದ ಬಂದ ಹಣ ಅಂಚೆ ಖರ್ಚಿಗೂ ಸಾಲಲಿಲ್ಲ ಅನ್ನುವಷ್ಟು ಕಡಿಮೆ. ಸಮಿತಿಯಲ್ಲಿ ಒಬ್ಬರು 'ನಮ್ಮವರಿಗೆ ಕೊಡುವ ಮನಸ್ಸಿಲ್ಲ' ಅಂದರು. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ವರ್ಷಗಟ್ಟಲೆ ಒಂದು ಸುದ್ದಿಯನ್ನೂ ಹೇಳದ ಮನೆಯಿಂದ ಏಕಾಏಕಿ ಕೈಸಾಲ ಕೇಳಿ ಬಂದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ, ಅಲ್ವಾ?

ಅವತ್ತಿನಿಂದ ಪಟ್ಟಿ ಸರಿಮಾಡಲು ಕೂತೆ. ಇದು ಸುಲಭದ ಕೆಲಸ ಅಂತ ಹೊರಗಿನವರಿಗೆ ಕಾಣುತ್ತದೆ. ನಮ್ಮ ಹೆಸರುಗಳು ಇನಿಶಿಯಲ್ ಮೇಲೆ ನಿಂತಿವೆ. ಒಂದೇ ಬ್ಯಾಚಿನಲ್ಲಿ ಇಬ್ಬರು ಎಸ್. ಮಂಜುನಾಥ ಇರುತ್ತಾರೆ, ಒಬ್ಬರ ಎಸ್ ಊರಿನದು, ಇನ್ನೊಬ್ಬರ ಎಸ್ ಅಪ್ಪನದು. ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಓದುವಾಗ ಅಪ್ಪನ ಇನಿಶಿಯಲ್, ಮದುವೆಯಾದ ಮೇಲೆ ಗಂಡನದು, ವಿದೇಶಕ್ಕೆ ಹೋದರೆ ಹೆಸರಿನ ಹಿಂದೆ ಮುಂದೆ ಎಲ್ಲಾ ಬದಲು. ಹಾಗಾಗಿ ನಮ್ಮ ಹಳೆಯ ಪಟ್ಟಿಯಲ್ಲಿ 'ವಿಳಾಸ ತಿಳಿದಿಲ್ಲ' ಅಂತ ಇದ್ದವರಲ್ಲಿ ಹೆಂಗಸರೇ ಜಾಸ್ತಿ. ಬ್ಯಾಚ್ ಅಂದರೆ ಸೇರಿದ ವರ್ಷವೋ ಪಾಸಾದ ವರ್ಷವೋ ಅನ್ನುವ ಗೊಂದಲ ಬೇರೆ. ಡಾಕ್ಟರುಗಳು ಬಾಯಲ್ಲಿ ಹೇಳುವುದು ಸೇರಿದ ವರ್ಷ, ಸರ್ಟಿಫಿಕೇಟಿನಲ್ಲಿ ಇರುವುದು ಪಾಸಾದ ವರ್ಷ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬರುವ ಮುಂಚೆ ಓದಿದವರ ಡಿಗ್ರಿ ಬೇರೆ ವಿಶ್ವವಿದ್ಯಾಲಯದ್ದು, ನಂತರದವರದ್ದು ಬೇರೆ. ಕೊನೆಗೆ ಕಾಲೇಜಿನ ಅಡ್ಮಿಷನ್ ರಿಜಿಸ್ಟರನ್ನೇ ಮುಂದೆ ಇಟ್ಟುಕೊಂಡು ಬ್ಯಾಚಿಗೆ ಇಬ್ಬರಂತೆ, ಒಬ್ಬ ಗಂಡಸು ಒಬ್ಬ ಹೆಂಗಸು, ಫೋನ್ ಮಾಡಿ ಕೇಳುತ್ತಾ ಹೋದೆ. ಎರಡೂವರೆ ವರ್ಷ ಹಿಡಿಯಿತು. ಈ ಎರಡೂವರೆ ವರ್ಷ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಸುಮ್ನೆ ಸುದ್ದಿ ಕೇಳಿದೆ, ಸುದ್ದಿ ಕೊಟ್ಟೆ.

ಎರಡನೆಯ ಪಾಠ ಕಲಿಸಿದ್ದು ಒಂದು ಚಿನ್ನದ ಪದಕ.

ಮೆಡಿಕಲ್ ಕಾಲೇಜುಗಳಲ್ಲಿ ದತ್ತಿ ಪದಕಗಳು ತುಂಬಾ ಇರುತ್ತವೆ. ತಾಯಿಯ ಹೆಸರಲ್ಲಿ, ಗುರುಗಳ ಹೆಸರಲ್ಲಿ ಒಂದಿಷ್ಟು ಹಣ ಠೇವಣಿ ಇಡುತ್ತಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರತಿ ವರ್ಷ ಪದಕ ಮಾಡಿಸಬೇಕು. ನಮ್ಮಲ್ಲಿ 1991ರಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಪ್ರಸೂತಿ ವಿಷಯದಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಅಂತ 25,000 ರೂಪಾಯಿ ಇಟ್ಟಿದ್ದರು. ಆಗಿನ ಬಡ್ಡಿ ನೂರಕ್ಕೆ ಹತ್ತು ಅಂತ ಇಟ್ಟುಕೊಂಡರೂ ವರ್ಷಕ್ಕೆ 2,500. ಆಗ ಹತ್ತು ಗ್ರಾಂ ಚಿನ್ನಕ್ಕೆ ಮೂರೂವರೆ ಸಾವಿರದ ಆಸುಪಾಸು. ಅಂದರೆ ಏಳು ಗ್ರಾಂ ಹತ್ತಿರದ ಪದಕ ಆಗುತ್ತಿತ್ತು. 2024ಕ್ಕೆ ಬನ್ನಿ. ಅದೇ 25,000ಕ್ಕೆ ನೂರಕ್ಕೆ ಏಳರಂತೆ 1,750 ಬಡ್ಡಿ. ಗ್ರಾಂ ಚಿನ್ನ ಏಳು ಸಾವಿರ ದಾಟಿತ್ತು. ಕಾಲು ಗ್ರಾಂ. ಕಡ್ಲೆಬೇಳೆಯಷ್ಟೂ ಆಗುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಕೊಡುತ್ತಿದ್ದದ್ದು ಏನು? ಬೆಳ್ಳಿಯ ಬಿಲ್ಲೆಗೆ ಚಿನ್ನದ ನೀರು ಹಾಕಿಸಿ ಕೊಡುತ್ತಿದ್ದರು. ಆಮೇಲಾಮೇಲೆ ಬೆಳ್ಳಿಯೂ ತೆಳ್ಳಗಾಯಿತು. ಇದನ್ನು ಮನೆಯವರಿಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ದಾನಿಯ ಮಗಳು ಸಮಾರಂಭಕ್ಕೆ ಬಂದರು. ತನ್ನ ಅಜ್ಜಿಯ ಹೆಸರಿನ ಪದಕವನ್ನು ತಾನೇ ಕೊಡಬೇಕು ಅಂತ ಆಸೆ. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಅವರು ಪದಕ ಎತ್ತಿಕೊಂಡರು, ಅಂಗೈಯಲ್ಲಿ ಒಂದು ಸಲ ಮೇಲೆ ಕೆಳಗೆ ಮಾಡಿದರು, ಅಷ್ಟೇ. ಒಡವೆ ಹಿಡಿದು ಗೊತ್ತಿರುವ ಕೈಗೆ ತೂಕ ತಿಳಿಯುತ್ತದೆ. ಹುಡುಗಿಯ ಕೊರಳಿಗೆ ಹಾಕಿ, ನಕ್ಕು, ಫೋಟೊ ತೆಗೆಸಿಕೊಂಡು, ಕಾರ್ಯಕ್ರಮ ಮುಗಿದ ಮೇಲೆ ನೇರ ಆಫೀಸಿಗೆ ಬಂದರು.

ಮುಚ್ಚಿಡುವುದು ಬೇಡ ಅನ್ನಿಸಿತು. ಠೇವಣಿಯ ಪುಸ್ತಕ ತೆಗೆದು ವರ್ಷ ವರ್ಷದ ಬಡ್ಡಿ, ಪದಕದ ಬಿಲ್ಲು, ಎಲ್ಲಾ ತೋರಿಸಿದೆ. ಅವರು ಬೆರಳಿಟ್ಟು ಓದಿದರು. 'ಇದರಲ್ಲಿ ನಿಮ್ಮದೇನೂ ತಪ್ಪಿಲ್ಲಮ್ಮ, ಚಿನ್ನದ ರೇಟು ಎಲ್ಲರಿಗೂ ಗೊತ್ತು. ಆದರೆ ಇಷ್ಟು ವರ್ಷ ಒಂದು ಕಾಗದ ಬರೆದು ಹೇಳಬಾರದಿತ್ತಾ? ಅಪ್ಪ ಇದ್ದಾಗಲೇ ಹೇಳಿದ್ದರೆ ಸರಿಮಾಡುತ್ತಿದ್ದರು' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ತಿಂಗಳು ಅವರೇ ಇನ್ನಷ್ಟು ಹಣ ಸೇರಿಸಿ ಲಿಖಿತವಾಗಿ ಷರತ್ತು ಬದಲಿಸಿಕೊಟ್ಟರು. ಈಗ ಪದಕ ಇಲ್ಲ, ಪ್ರಸೂತಿ ವಿಷಯದಲ್ಲಿ ಮುಂದೆ ಬಂದವರಿಗೆ ಒಂದು ಪ್ರಮಾಣಪತ್ರ, ಜೊತೆಗೆ ಬಡ್ಡಿ ಎಷ್ಟು ಬಂದರೆ ಅಷ್ಟೂ ನಗದು ಬಹುಮಾನ. ನಿಮ್ಮ ಸಂಸ್ಥೆಯಲ್ಲಿ ಹಳೆಯ ದತ್ತಿಗಳಿದ್ದರೆ ಒಂದು ಮಧ್ಯಾಹ್ನ ಕೂತು ಈ ಲೆಕ್ಕ ಹಾಕಿ ನೋಡಿ. ಹೊಸದಾಗಿ ದತ್ತಿ ತೆಗೆದುಕೊಳ್ಳುವಾಗ 'ಬಡ್ಡಿ ಸಾಲದಿದ್ದರೆ ಹೀಗೆ ಬಳಸಬಹುದು' ಅನ್ನುವ ಒಂದು ಸಾಲನ್ನು ಮೊದಲೇ ಬರೆಸಿಕೊಳ್ಳಿ. ದಾನಿ ತೀರಿಕೊಂಡ ಮೇಲೆ ಷರತ್ತು ಬದಲಿಸುವುದು ಬಹಳ ತೊಡಕಿನ ಕೆಲಸ.

ಇನ್ನು ಮಿಷನ್ನುಗಳ ವಿಷಯ. ವಿದೇಶದಲ್ಲಿರುವ ಒಂದು ಬ್ಯಾಚಿನವರು ಪ್ರೀತಿಯಿಂದ ಒಂದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಿಷನ್ ಕಳಿಸಿದರು, ಅವರ ಆಸ್ಪತ್ರೆಯಲ್ಲಿ ಬಳಸಿ ಬಿಟ್ಟದ್ದು. ಕಳಿಸುವ ಮುಂಚೆ ಇಲ್ಲಿ ಯಾರನ್ನೂ ಕೇಳಲಿಲ್ಲ, ಬರುತ್ತದೆ ಅಂತ ಗೊತ್ತಾದ ಮೇಲೆ ನಾವೂ ಕೇಳಲಿಲ್ಲ. ಅಲ್ಲಿನ ಕರೆಂಟು 110 ವೋಲ್ಟ್, ನಮ್ಮದು 230. ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಆ ಮಾಡೆಲ್ಲಿಗೆ ಇಲ್ಲಿ ಸರ್ವೀಸ್ ಮಾಡುವವರಿಲ್ಲ. ಅದಕ್ಕಿಂತ ದೊಡ್ಡದು ಕಾನೂನು. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಯಾವ ಅಲ್ಟ್ರಾಸೌಂಡ್ ಮಿಷನ್ನನ್ನೂ ನೋಂದಣಿಯಲ್ಲಿ ಸೇರಿಸದೆ ಬಳಸುವಂತಿಲ್ಲ. ಒಳ್ಳೆಯ ಕಾಯ್ದೆ, ಬೇಕಾದ ಕಾಯ್ದೆ. ಆದರೆ ಆ ಕಾಗದಪತ್ರ ಮುಗಿಯುವ ಹೊತ್ತಿಗೆ ಮಿಷನ್ ಸ್ಟೋರಿನಲ್ಲಿ ಮರದ ಪೆಟ್ಟಿಗೆಯೊಳಗೇ ಒಂದು ಮಳೆಗಾಲ ಕಳೆದಿತ್ತು. ಕಳಿಸಿದವರು ಊರಿಗೆ ಬಂದಾಗ 'ನಮ್ಮ ಮಿಷನ್ ಎಲ್ಲಿ?' ಅಂತ ಕೇಳಿದರು. ಆ ಪೆಟ್ಟಿಗೆ ತೋರಿಸಿದ್ದು ನನ್ನ ಕೆಲಸದಲ್ಲಿ ನನಗೆ ಅತಿ ನೋವು ಕೊಟ್ಟ ದಿನಗಳಲ್ಲಿ ಒಂದು.

ಅದಾದ ಮೇಲೆ ಏನಾದರೂ ಕೊಡುತ್ತೇವೆ ಅಂತ ಯಾರೇ ಅಂದರೂ ಮೊದಲು ವಾರ್ಡಿಗೆ ಹೋಗಿ ಕೇಳುವ ಅಭ್ಯಾಸ ಮಾಡಿಕೊಂಡೆ. ವಿಭಾಗದ ಹೆಡ್ಡುಗಳನ್ನೂ ಕೇಳಬೇಕು, ಆದರೆ ಸಿಸ್ಟರುಗಳನ್ನು, ಆಯಾಗಳನ್ನು ಕೇಳದೆ ಬರಬಾರದು. ಒಂದು ಬ್ಯಾಚಿನವರು ಇಪ್ಪತ್ತೈದನೇ ವರ್ಷಕ್ಕೆ ಹೆರಿಗೆ ವಾರ್ಡಿಗೆ ಏನಾದರೂ ದೊಡ್ಡದು ಕೊಡಬೇಕು ಅಂತಿದ್ದರು. ಬೆಳಿಗ್ಗೆ ಆರು ಗಂಟೆಗೆ ಹೋದೆ. ಗೇಟಿನ ಹೊರಗಿನ ಟೀ ಅಂಗಡಿ ಮುಂದೆ ಅಜ್ಜಿಯಂದಿರು ಸಾಲಾಗಿ ನಿಂತಿದ್ದರು, ಕೈಯಲ್ಲಿ ಫ್ಲಾಸ್ಕು, ಸ್ಟೀಲ್ ಕ್ಯಾನು, ಒಬ್ಬರ ಕೈಯಲ್ಲಿ ಮುಚ್ಚಳ ಇಲ್ಲದ ತಂಬಿಗೆ. ಬಾಣಂತಿಗೆ ಬಿಸಿನೀರು. ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಆ ತಂಬಿಗೆಯ ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಮಹಡಿ ಹತ್ತಿದರು, ನಾನು ಹಿಂದೆಯೇ ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ನೀರು ಉಗುರುಬೆಚ್ಚಗೆ ಆಗಿತ್ತು. ಸಿಸ್ಟರ್ ಅಂದರು, 'ಮೇಡಂ, ಸೋಲಾರ್ ಕೆಟ್ಟು ಮೂರು ವರ್ಷ ಆಯ್ತು. ಬೇರೆ ಏನೂ ಬೇಡ, ಇದೊಂದು ಮಾಡಿಸಿಕೊಡಿ.'

ಬ್ಯಾಚಿನವರಿಗೆ ಇದನ್ನೇ ಬರೆದೆ, ಫೋಟೊ ಹಾಕದೆ. ಯಾರದೋ ಮನೆಯ ಹಿರಿಯರ ಕಷ್ಟವನ್ನು ಫೋಟೊ ತೆಗೆದು ತೋರಿಸಿ ಹಣ ಕೇಳುವುದು ನನಗೆ ಸರಿ ಅನ್ನಿಸುವುದಿಲ್ಲ. ಹೊಸ ಸೋಲಾರ್ ಬಂತು, ಐದು ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಹಣವೂ ಒಟ್ಟಿಗೇ ಬಂತು. ಈ ಎಎಂಸಿ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ವಸ್ತು ಕೊಡುವವರು ಅದರ ರಿಪೇರಿ ಖರ್ಚನ್ನೂ ಸೇರಿಸಿ ಕೊಡಲಿ, ಇಲ್ಲವಾದರೆ ಸಣ್ಣ ವಸ್ತು ಕೊಡಲಿ. ಹಳೆಯ ಸೋಲಾರೂ ಯಾರೋ ಕೊಟ್ಟದ್ದೇ ಆಗಿತ್ತು.

ಹಣದ ಕಾನೂನುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಅಂತ ಎಲ್ಲರೂ ಕರೆಯುವ ರಿಯಾಯಿತಿ ಬೇಕಾದರೆ ಎರಡು ಸಾವಿರದ ಮೇಲೆ ನಗದು ಬೇಡ, ಚೆಕ್ಕೋ ಆನ್‌ಲೈನೋ ಆಗಲಿ, ಪ್ಯಾನ್ ಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿ ಸಿಗುವುದಿಲ್ಲ, ಅದನ್ನು ಹಣ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಬೇಕು. ಎಲ್ಲಕ್ಕಿಂತ ಕಷ್ಟದ್ದು ವಿದೇಶಿ ದೇಣಿಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಅನುಮತಿ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ, ಇರುವ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಸಂಘಕ್ಕೆ ಆ ಅನುಮತಿ ಇಲ್ಲ. ಒಬ್ಬ ಹಿರಿಯ ಡಾಕ್ಟರು, ಎಪ್ಪತ್ತು ದಾಟಿದವರು, ಅಮೆರಿಕದಿಂದ ಫೋನ್ ಮಾಡಿ 'ಏನಮ್ಮ, ನಾನು ಹಾವೇರಿ ಜಿಲ್ಲೆಯವನು, ನಾನು ವಿದೇಶಿಯಾ?' ಅಂತ ಕೇಳಿದಾಗ ಗಂಟಲು ಕಟ್ಟಿತು. 'ಸರ್, ನಮಗೆ ನೀವು ಎಂದೂ ನಮ್ಮವರೇ, ಕಾನೂನಿಗೆ ಮಾತ್ರ ಬೇರೆ' ಅಂದೆ. ಹಣ ತೆಗೆದುಕೊಳ್ಳಲಿಲ್ಲ. ಆದರೆ ಅವರು ಈಗಲೂ ತಿಂಗಳಿಗೊಮ್ಮೆ ವಿಡಿಯೊದಲ್ಲಿ ಪಿಜಿ (ಸ್ನಾತಕೋತ್ತರ) ಓದುವ ಮಕ್ಕಳಿಗೆ ಪಾಠ ಮಾಡುತ್ತಾರೆ, ಅವರಿಗೆ ಅಲ್ಲಿ ಬೆಳಗಿನ ಜಾವ. ಅದು ದೇಣಿಗೆಯೇ ಅಂತ ಸುದ್ದಿಪತ್ರದಲ್ಲಿ ದಾನಿಗಳ ಪುಟದಲ್ಲೇ ಹಾಕುತ್ತೇನೆ.

ದೊಡ್ಡ ದೊಡ್ಡ ಸುದ್ದಿಗಳು ಬಂದಾಗ ನಮ್ಮ ಗ್ರೂಪುಗಳಲ್ಲಿ ಎಲ್ಲರೂ ಹಂಚುತ್ತಾರೆ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ದಂಪತಿ ಮತ್ತು ಪಾರ್ಥಸಾರಥಿ ದಂಪತಿ 800 ಹಾಸಿಗೆಯ ಆಸ್ಪತ್ರೆಗಾಗಿ 425 ಕೋಟಿ ಕೊಟ್ಟಾಗ ಹಂಚಿದರು. 2024ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜಿಗೆ 93 ವರ್ಷದ ರೂತ್ ಗಾಟ್ಸ್‌ಮನ್ ನೂರು ಕೋಟಿ ಡಾಲರ್ ಕೊಟ್ಟು ಮಕ್ಕಳ ಫೀಸನ್ನೇ ತೆಗೆದುಹಾಕಿದಾಗಲೂ ಹಂಚಿದರು. ಆ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊತ್ತ ಅಲ್ಲ. ಆಕೆ ಅದೇ ಕಾಲೇಜಿನಲ್ಲಿ ದಶಕಗಳ ಕಾಲ ಪ್ರಾಧ್ಯಾಪಕಿಯಾಗಿದ್ದವರು, ಮತ್ತು ಕಾಲೇಜಿನ ಹೆಸರು ಬದಲಾಗಬಾರದು ಅಂತ ತಾವೇ ಹೇಳಿದವರು. ಒಳಗಿನ ಸುದ್ದಿ ಗೊತ್ತಿದ್ದವರು ಕೊಡುವ ರೀತಿಯೇ ಬೇರೆ. ನಮ್ಮಲ್ಲೂ ಪ್ರತಿ ತಿಂಗಳು ಐನೂರು ರೂಪಾಯಿ ತಪ್ಪದೆ ಕಳಿಸುವ ಒಬ್ಬ ನಿವೃತ್ತ ಸ್ಟಾಫ್ ನರ್ಸ್ ಇದ್ದಾರೆ. ಯಾವ ವಾರ್ಡಿನಲ್ಲಿ ಯಾವ ಫ್ಯಾನು ತಿರುಗುವುದಿಲ್ಲ ಅನ್ನುವುದು ಅವರಿಗೆ ಇವತ್ತಿಗೂ ಗೊತ್ತು.

ಈಗ ಸುದ್ದಿಪತ್ರದ ಕ್ರಮ ಹೀಗಿದೆ. ಮೊದಲು ತೀರಿಕೊಂಡವರು, ಹೆಸರಿನ ಜೊತೆ ಬ್ಯಾಚು, ಕೆಲಸ ಮಾಡಿದ ಊರು, ಗೊತ್ತಿದ್ದವರು ಬರೆದ ಎರಡು ಮಾತು. ಆಮೇಲೆ ಹೋದ ಸಲ ಬಂದ ಹಣ ಏನಾಯಿತು ಅನ್ನುವುದು, ಆಗದೇ ಉಳಿದದ್ದೂ ಸೇರಿ. ಏನು ಬೇಕು ಅನ್ನುವುದು ಕೊನೆಯ ಪುಟದಲ್ಲಿ, ಸಣ್ಣದಾಗಿ. ಸಮಿತಿಯಲ್ಲಿ ಕೆಲವರಿಗೆ ಸಾವಿನ ಸುದ್ದಿ ಮೊದಲ ಪುಟದಲ್ಲಿ ಇರುವುದು ಇಷ್ಟವಿಲ್ಲ. ನಾನು ಒಪ್ಪಿಲ್ಲ.

ಶಿವಮೊಗ್ಗದ ಆ ಅಮ್ಮ ಹೋದ ವಾರ ಒಂದು ಲಕೋಟೆ ಕಳಿಸಿದ್ದಾರೆ. ಮನೆ ಖಾಲಿ ಮಾಡುವಾಗ ಸಿಕ್ಕಿದ್ದಂತೆ, ಹೌಸ್ ಸರ್ಜನ್ಸಿ (ಓದಿನ ಕೊನೆಗೆ ಆಸ್ಪತ್ರೆಯಲ್ಲಿ ತರಬೇತಿ) ಕಾಲದ ಕಪ್ಪು ಬಿಳುಪು ಫೋಟೊ, ಕ್ಯಾಂಟೀನಿನ ಮೆಟ್ಟಿಲ ಮೇಲೆ ಆರು ಜನ. ಐವರ ಹೆಸರು ಹಿಂದೆ ಪೆನ್ಸಿಲ್ಲಿನಲ್ಲಿ ಇದೆ. ಎಡದಿಂದ ಮೂರನೆಯ ಹುಡುಗಿ ಯಾರು ಅಂತ ಬರೆದಿಲ್ಲ. ಬ್ಯಾಚಿನವರಿಗೆಲ್ಲ ಕಳಿಸಿದ್ದೇನೆ. ಇವತ್ತು ಬೆಳಿಗ್ಗೆ ಮೈಸೂರಿನಿಂದ ಒಬ್ಬರು 'ಗುರುತು ಸಿಗ್ತಾ ಇದೆ, ಸಂಜೆ ಫೋನ್ ಮಾಡ್ತೀನಿ' ಅಂದಿದ್ದಾರೆ. ಅದಕ್ಕಾಗಿ ಮೊದಲ ಪುಟ ಇನ್ನೂ ಪ್ರೆಸ್ಸಿಗೆ ಕೊಟ್ಟಿಲ್ಲ.